ದಾಕ್ಷಿಣ್ಯವಿಲ್ಲದ ಲೆನ್ಸು

ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಸಾಮಾನು ಮಾರುವವನ ಅಂಗಡಿಯಲ್ಲಿ ಸಣ್ಣ ವಿಷಯ ಅಂತ ಯಾವುದೂ ಉಳಿಯುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಏನಾದರೊಂದು ಪ್ರಸಂಗ ಚಪ್ಪಲಿ ಬಿಟ್ಟು ಒಳಗೆ ಬಂದೇ ಬರುತ್ತದೆ.

ನಮ್ಮದು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಕ್ಯಾಮೆರಾ ಅಂಗಡಿ. ಮನೆ ಭದ್ರಾವತಿಯಲ್ಲಿ. ಅಂಗಡಿಯ ಬಲಭಾಗ ನನ್ನದು: ಕ್ಯಾಮೆರಾ, ಲೆನ್ಸು, ಸ್ಟ್ಯಾಂಡು. ಎಡಭಾಗ ನನ್ನ ಹೆಂಡತಿಯದು: ಪಾಸ್‌ಪೋರ್ಟ್ ಫೋಟೋ, ಪ್ರಿಂಟು, ಲ್ಯಾಮಿನೇಷನ್ನು. ಇದ್ದದ್ದು ಇದ್ದ ಹಾಗೆ ಹೇಳಿದರೆ, ಮನೆ ನಡೆಯುವುದು ಎಡಭಾಗದಿಂದ, ಗತ್ತು ನಡೆಯುವುದು ಬಲಭಾಗದಿಂದ.

ಫೋನುಗಳು ಬಂದ ಮೇಲೆ ಕ್ಯಾಮೆರಾ ಕೇಳಿಕೊಂಡು ಬರುವವರು ಕಡಿಮೆಯಾದರು. ಆದರೂ ಒಂದು ಜಾತಿಯ ಗಿರಾಕಿಗಳು ತಪ್ಪದೆ ಬರುತ್ತಾರೆ. ಹತ್ತಿರದಿಂದ ತೆಗೆಯುವವರು. ಇರುವೆಯ ಮೀಸೆ, ಹೂವಿನ ಪರಾಗ, ಉಂಗುರದ ಹರಳು ಇವರಿಗೆ ಬೇಕು. ಇದಕ್ಕೆ ಮ್ಯಾಕ್ರೋ ಅನ್ನುತ್ತಾರೆ. ಈ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿ ಇಲ್ಲ. ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಅದಕ್ಕೆ ಬೇಕಾದ ಸಾಮಾನೆಲ್ಲ ಒಂದು ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟಿದ್ದೇನೆ. ಆ ಬೀರುವಿನ ಮೇಲೆ ನನ್ನ ಹೆಂಡತಿಯ ಕಣ್ಣು.

"ರೀ, ಆ ಬೀರು ಖಾಲಿ ಮಾಡಿ. ಅಲ್ಲಿ ಮೊಬೈಲ್ ಕವರ್ ನೇತು ಹಾಕೋಣ. ದಿನಾ ಎಷ್ಟು ಜನ ಕೇಳ್ಕೊಂಡು ಬಂದು ವಾಪಸ್ ಹೋಗ್ತಾರೆ ಗೊತ್ತಾ?"

"ಮೊಬೈಲ್ ಕವರ್ ಮಾರೋದಕ್ಕೆ ನಾನು ಹುಟ್ಟಿಲ್ಲ ಮಾರಾಯ್ತಿ."

"ಆಯ್ತು, ದೀಪಾವಳಿವರೆಗೆ ಸುಮ್ನಿರ್ತೀನಿ. ಅಷ್ಟರೊಳಗೆ ಈ ಬೀರು ತನ್ನ ಅನ್ನ ತಾನು ದುಡ್ಕೊಂಡ್ರೆ ಸರಿ. ಇಲ್ಲಾಂದ್ರೆ ಹಬ್ಬದ ಮಾರನೇ ದಿನ ಕವರ್ ಬರುತ್ತೆ."

ನಾನು ಒಪ್ಪಿದೆ. ಗೆಲ್ಲುವವನು ನಾನೇ ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಆದರೆ ಆ ಬೀರುವನ್ನು ಕಳೆದುಕೊಂಡರೆ ನಾನು ಬರೀ ಅಂಗಡಿಯ ಬೀಗ ತೆಗೆಯುವ ಮನುಷ್ಯನಾಗುತ್ತೇನೆ ಅನ್ನುವುದೂ ನನಗೆ ಗೊತ್ತಿತ್ತು.

೧. ಒಣಗಿದ್ದು

ಮೊದಲು ಬಂದವರು ಕುಂಸಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು. ಅವರ ಮರಗಳಿಗೆ ಎಲೆಚುಕ್ಕಿ ರೋಗ. ಫೋನಿನಲ್ಲಿ ಫೋಟೋ ತೆಗೆದು ಪರಿಚಯದ ವಿಜ್ಞಾನಿಯೊಬ್ಬರಿಗೆ ಕಳಿಸಿದರೆ ಸರಿಯಾಗಿ ಕಾಣುತ್ತಿಲ್ಲ ಅಂದರಂತೆ.

"ಚುಕ್ಕಿ ಒಳಗೆ ಇನ್ನೂ ಸಣ್ಣ ಚುಕ್ಕಿ ಇರುತ್ತಂತೆ ಸಾರ್. ಅವ್ರಿಗೆ ಅದು ಬೇಕಂತೆ. ಮಗಳ ಕ್ಯಾಮೆರಾ ಮನೇಲಿದೆ, ಅದಕ್ಕೆ ಹಾಕೋ ಲೆನ್ಸ್ ಕೊಡಿ."

ನಾನು ಎರಡು ಮ್ಯಾಕ್ರೋ ಲೆನ್ಸ್ ಮೇಜಿನ ಮೇಲಿಟ್ಟು ಪಾಠ ಶುರು ಮಾಡಿದೆ. ಈ ಗಿಡ್ಡದು ಹಗುರ, ಆದರೆ ಎಲೆಯ ಮೇಲೆ ಮೂಗು ಇಡುವಷ್ಟು ಹತ್ತಿರ ಹೋಗಬೇಕು, ನಿಮ್ಮ ನೆರಳೇ ಅಡ್ಡ ಬರುತ್ತದೆ. ಈ ಉದ್ದದ್ದರಲ್ಲಿ ಸ್ವಲ್ಪ ದೂರ ನಿಂತೇ ತೆಗೆಯಬಹುದು, ಕೈ ನಡುಗಿದರೂ ಚಿತ್ರ ನಡುಗುವುದಿಲ್ಲ. ನಾನು ಹೇಳುತ್ತಲೇ ಇದ್ದೆ, ಅವರು ಕೇಳುತ್ತಿರಲಿಲ್ಲ. ಗಿಡ್ಡ ಲೆನ್ಸನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಉದ್ದದ್ದನ್ನು ಎತ್ತಿ ಅಲ್ಲಾಡಿಸಿದರು. ಒಳಗೆ ಲೊಟಕ್ ಲೊಟಕ್ ಅಂತು.

ಕೆಟ್ಟಿದೆ ಅಂದುಕೊಂಡಾರು ಅಂತ ನಾನು ಮುಂದೆ ಬಾಗಿದೆ. ಅಂಥ ಲೆನ್ಸಿನಲ್ಲಿ ನಡುಕ ತಡೆಯುವ ಗಾಜೊಂದು ಸಡಿಲವಾಗಿ ಇರುತ್ತದೆ. ಕ್ಯಾಮೆರಾಕ್ಕೆ ಹಾಕಿ ಚಾಲೂ ಮಾಡಿದ ಮೇಲೆಯೇ ಅದು ಹಿಡಿತಕ್ಕೆ ಬರುವುದು. ಇದನ್ನು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಮುಖ ಅರಳಿತು.

"ಇದು ಒಣಗಿದೆ ಸಾರ್. ಇದನ್ನೇ ಕೊಡಿ."

"ಇನ್ನೊಂದು?"

"ಅದು ಇನ್ನೂ ಹಸಿ."

ಸಿಪ್ಪೆ ಸಮೇತ ಒಣಗಿಸಿದ ಅಡಿಕೆಯನ್ನು ಅಲ್ಲಾಡಿಸಿ ನೋಡುವುದು ಅವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಒಳಗೆ ಸದ್ದಾದರೆ ಒಣಗಿದೆ ಅಂತ ಲೆಕ್ಕ. ನಾನು ತಿದ್ದಲು ಹೋಗಲಿಲ್ಲ. ಅವರಿಗೆ ಬೇಕಾದ ಲೆನ್ಸೇ ಅವರ ಕೈಯಲ್ಲಿತ್ತು, ಬೇಕಾದ ಕಾರಣ ಇಲ್ಲದಿದ್ದರೆ ಏನಾಯಿತು?

ಮುಂದಿನ ವಾರ ಅವರ ನೆಂಟರು ಇಬ್ಬರು ಬಂದು "ಅದೇ, ಒಣಗಿದ ಲೆನ್ಸು" ಅಂದರು. ನನ್ನ ಹೆಂಡತಿ ಬೆಂಗಳೂರಿನ ಸಗಟು ವ್ಯಾಪಾರಿಗೆ ಫೋನ್ ಮಾಡಿ, "ಎರಡು ಒಣಗಿದ್ದು ಕಳ್ಸಿ, ಹಸೀದು ಬೇಡ, ಇಲ್ಲಿ ಯಾರೂ ಮುಟ್ಟಲ್ಲ" ಅಂದಳು. ಆ ಕಡೆಯವರು ಈಗಲೂ ನಮ್ಮದು ಅಡಿಕೆ ಮಂಡಿ ಅಂತಲೇ ತಿಳಿದುಕೊಂಡಿದ್ದಾರೆ.

೨. ಮೂಗುತಿ

ಬಜಾರಿನ ಚಿನ್ನಬೆಳ್ಳಿ ವ್ಯಾಪಾರಿಯೊಬ್ಬರಿಗೆ ಒಡವೆಗಳ ಫೋಟೋ ತೆಗೆದು ವಾಟ್ಸಾಪಿನಲ್ಲಿ ಗಿರಾಕಿಗಳಿಗೆ ಕಳಿಸುವ ಆಸೆ. ಅವರಿಗೆ ಒಂದು ಒಳ್ಳೆಯ ಮ್ಯಾಕ್ರೋ ಲೆನ್ಸು, ಲೆನ್ಸಿನ ಮೂತಿಗೆ ಸುತ್ತ ಕೂರುವ ಬಳೆಯಂಥ ದೀಪ ಎರಡನ್ನೂ ಕೊಟ್ಟೆ. ಒಡವೆಯ ಒಂದೊಂದು ಗೆರೆಯೂ ಕಾಣುತ್ತದೆ ಅಂತ ಎದೆ ತಟ್ಟಿ ಹೇಳಿದೆ. ಹೆಂಡತಿಯ ಕಡೆ ತಿರುಗಿ ಒಂದು ನಗೆಯನ್ನೂ ಬೀರಿದೆ.

ಕೆಲವು ದಿನ ಕಳೆದು ಅವರು ಬಂದರು. ಕುರ್ಚಿಯಲ್ಲಿ ಕೂತು ಮೊದಲು ನೀರು ಕೇಳಿದರು.

"ಯಾಕೆ ಸ್ವಾಮಿ, ಫೋಟೋ ಚೆನ್ನಾಗಿ ಬರ್ಲಿಲ್ವಾ?"

"ಬಂತು ಮಾರಾಯ್ರೆ. ಅದೇ ಈಗ ಕಷ್ಟ ಆಗಿರೋದು."

ಫೋನು ತೆಗೆದು ತೋರಿಸಿದರು. ಒಂದು ಮೂಗುತಿ, ನಿಂಬೆಹಣ್ಣಿನ ಗಾತ್ರಕ್ಕೆ ನಿಂತಿದೆ. ನನ್ನ ಲೆನ್ಸು ಅಂದರೆ ಸುಮ್ಮನೆಯೇ? ಹರಳುಗಳು ಫಳಫಳ ಹೊಳೆಯುತ್ತಿವೆ. ಜೊತೆಗೆ ಒಂದು ಹರಳು ಒಂಚೂರು ವಾಲಿರುವುದು, ಪಕ್ಕದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿರುವುದು, ನಡುವೆ ಅವರದೇ ಹೆಬ್ಬೆಟ್ಟಿನ ಗುರುತು, ಗೆರೆ ಗೆರೆಯಾಗಿ, ಎಲ್ಲವೂ ಸ್ಪಷ್ಟ. ಮೂಗುತಿ ಕೇಳಿದ್ದ ಹೆಂಗಸು ಒಂದೊಂದಕ್ಕೂ ಕೆಂಪು ಸುತ್ತು ಹಾಕಿ, "ಇದೇನು? ಇದೇನು? ಇದೇನು?" ಅಂತ ಕೇಳಿ ಕಳಿಸಿದ್ದಳು.

"ನಮ್ಮ ತಾತನ ಕಾಲದಿಂದ ವ್ಯಾಪಾರ ಮಾಡ್ತಿದೀವಿ. ಇಷ್ಟು ಹತ್ರ ಬಂದು ಯಾರೂ ನೋಡಿದ್ದಿಲ್ಲ. ನೋಡ್ಲೂಬಾರ್ದು!" ಅಂದರು ಅವರು. ಧ್ವನಿಯಲ್ಲಿ ನಿಜವಾದ ನೋವಿತ್ತು.

ನಾನು ಸಮಾಧಾನ ಮಾಡಿದೆ. ಫೋಟೋಗೆ ಮೊದಲು ಒಡವೆ ಒರೆಸಬೇಕು, ಕೈಗವಸು ಹಾಕಿಕೊಳ್ಳಬೇಕು, ದೀಪದ ಮುಂದೆ ಟ್ರೇಸಿಂಗ್ ಕಾಗದ ಹಿಡಿದರೆ ಬೆಳಕು ಮೆತ್ತಗಾಗುತ್ತದೆ, ಗೀರು ಅಷ್ಟಾಗಿ ಕಾಣುವುದಿಲ್ಲ ಅಂತ ಒಂದೊಂದಾಗಿ ಹೇಳಿಕೊಟ್ಟೆ. ಎಲ್ಲ ಕೇಳಿಸಿಕೊಂಡರು. ತಲೆಯಾಡಿಸಿದರು. ಬಾಗಿಲ ಹತ್ತಿರ ಹೋದವರು ಮತ್ತೆ ತಿರುಗಿ ನಿಂತರು.

"ಇದು ಇರ್ಲಿ ಬಿಡಿ. ಆದ್ರೆ ಮುಂದೆ ಯಾವಾಗಾದ್ರೂ ಒಂಚೂರು ದಾಕ್ಷಿಣ್ಯ ಇರೋ ಲೆನ್ಸ್ ಬಂದ್ರೆ ಹೇಳಿ ಕಳ್ಸಿ."

೩. ಹುಲಿ ಹಿಂದೆ ಇದೆ

ಕ್ಲೋಸಪ್ ಅಂದರೆ ಹತ್ತಿರ ಕಾಣುವುದು ಅಂತ ಅರ್ಥ ಮಾಡಿಕೊಂಡವರು ಬಹಳ ಜನ. ಹತ್ತಿರ ಹೋಗಬೇಕಾದವರು ನಾವು ಅನ್ನುವುದು ಅವರಿಗೆ ಹೊಳೆಯುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಬಂದು ಗಾಜಿನ ಬೀರುವಿಗೇ ಬೆರಳು ತೋರಿಸಿದರು.

"ಭಾನುವಾರ ತ್ಯಾವರೆಕೊಪ್ಪ ಸಫಾರಿಗೆ ಹೋಗ್ತೀವಿ. ಹುಲಿ ಮುಖದ ಕ್ಲೋಸಪ್ ಬೇಕು. ಮ್ಯಾಕ್ರೋ ಕೊಡಿ."

"ಸಾರ್, ಹುಲಿಗೆ ಬೇಕಾಗೋದು ದೂರದ ಲೆನ್ಸು. ಇದರಲ್ಲಿ ತೆಗೀಬೇಕು ಅಂದ್ರೆ ಹುಲಿ ಮೀಸೆಯಿಂದ ಒಂದು ಗೇಣು ದೂರದಲ್ಲಿ ನಿಲ್ಬೇಕಾಗುತ್ತೆ."

"ಅದು ಬಸ್ಸಿನ ಪಕ್ಕಕ್ಕೇ ಬರುತ್ತೆ ಕಣ್ರೀ. ಹೋದ ಸಲ ಬಂದಿತ್ತು."

ಎಷ್ಟು ಹೇಳಿದರೂ ಕೇಳಲಿಲ್ಲ. ತಪ್ಪು ಲೆನ್ಸು ನನ್ನ ಅಂಗಡಿಯಿಂದ ಹೊರಗೆ ಹೋಗುವುದು ನನಗೆ ಆಗದ ಮಾತು. ಬೇಡ ಅಂದೆ, ಇನ್ನೊಮ್ಮೆ ಬೇಡ ಅಂದೆ. ಎಡಗಡೆಯಿಂದ ಹೆಂಡತಿ, "ಕೊಡ್ರೀ, ಕೇಳ್ತಿದಾರಲ್ಲ" ಅಂದಳು. ಕೊಟ್ಟೆ.

ಸೋಮವಾರ ಅವರು ಖುಷಿಯಿಂದ ಬಂದು ದೊಡ್ಡ ಪ್ರಿಂಟು ಹಾಕಿಸಿಕೊಂಡರು. ನಾನು ನೋಡಿದೆ. ಸಫಾರಿ ಬಸ್ಸಿನ ಕಿಟಕಿಯ ಜಾಲರಿ ಅದ್ಭುತವಾಗಿ ಬಂದಿತ್ತು. ತಂತಿಯ ಮೇಲಿನ ತುಕ್ಕಿನ ಒಂದೊಂದು ಕಣವೂ ಕೈಗೆ ಸಿಗುವ ಹಾಗೆ. ಅದರ ಹಿಂದೆ ಎಲ್ಲೋ ಹಳದಿ ಬಣ್ಣದ ಒಂದು ಮಸುಕು.

ಈಗ ಅದು ಅವರ ಮನೆಯ ಹಾಲಿನಲ್ಲಿ ಚೌಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಬಂದವರೆಲ್ಲ ಇದೇನು ಅಂತ ಕೇಳುತ್ತಾರೆ. ಅವರು ಗತ್ತಿನಿಂದಲೇ ಹೇಳುತ್ತಾರೆ: "ಹುಲಿ ಹಿಂದೆ ಇದೆ."

೪. ಖಾಲಿ ಬಳೆ

ಮ್ಯಾಕ್ರೋ ಲೆನ್ಸಿಗೆ ಅಷ್ಟು ಖರ್ಚು ಬೇಡ ಅನ್ನುವವರಿಗೆ ಒಂದು ಸುಲಭದ ದಾರಿ ಇದೆ. ಎಕ್ಸ್‌ಟೆನ್ಶನ್ ಟ್ಯೂಬ್ ಅಂತ. ಇರುವ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಬಳೆ. ಒಳಗೆ ಗಾಜು ಗೀಜು ಏನೂ ಇರುವುದಿಲ್ಲ. ಬರೀ ಖಾಲಿ. ಲೆನ್ಸನ್ನು ಕ್ಯಾಮೆರಾದಿಂದ ಸ್ವಲ್ಪ ದೂರ ಇಟ್ಟರೆ, ಅದು ವಸ್ತುವಿಗೆ ಇನ್ನಷ್ಟು ಹತ್ತಿರ ಹೋಗಲು ಒಪ್ಪುತ್ತದೆ. ಅಷ್ಟೇ ಗುಟ್ಟು.

ಹಳೆಯ ನಾಣ್ಯ ಕೂಡಿಡುವ ಒಬ್ಬ ವಕೀಲರು ಇದನ್ನು ತೆಗೆದುಕೊಂಡು ಹೋದರು. ಸಂಜೆಯ ಹೊತ್ತಿಗೆ ಕರಿ ಕೋಟಿನಲ್ಲೇ ವಾಪಸ್ಸು ಬಂದರು. ಬಳೆಯೊಳಗೆ ಎರಡು ಬೆರಳು ತೂರಿಸಿ ನನ್ನ ಮುಖದ ಮುಂದೆ ಆಡಿಸಿದರು.

"ಇದೇನ್ರೀ? ಒಳಗೆ ಗಾಜೇ ಇಲ್ಲ!"

"ಇರೋದಿಲ್ಲ ವಕೀಲ್ರೇ. ಅದು ಇರೋದೇ ಹಾಗೆ."

"ಖಾಲಿ ಜಾಗಕ್ಕೆ ದುಡ್ಡು ತಗೊಳ್ಳೋದು ಯಾವ ಕಾನೂನಿನಲ್ಲಿದೆ?"

"ನೀವು ಮಾತಿಗೆ ತಗೊಳ್ತೀರಿ, ನಾನು ಖಾಲಿ ಜಾಗಕ್ಕೆ ತಗೊಳ್ತೀನಿ" ಅಂದೆ. ಅವರಿಗೆ ನಗು ಬಂತು, ಆದರೆ ಬಿಟ್ಟುಕೊಡುವ ಜಾತಿಯಲ್ಲ. ದೂರ ಇಟ್ಟರೆ ಹತ್ತಿರ ಹೇಗಾಗುತ್ತದೆ, ಅದನ್ನು ಮೊದಲು ಸಾಬೀತು ಮಾಡಿ ಅಂತ ಪಟ್ಟು ಹಿಡಿದರು. ನಾನು ಕಾಗದ ತೆಗೆದು ಚಿತ್ರ ಬರೆದೆ, ಗೆರೆ ಎಳೆದೆ, ಬಾಣ ಹಾಕಿದೆ. ಅವರು ಒಂದೊಂದು ಬಾಣಕ್ಕೂ ಆಕ್ಷೇಪಣೆ ಎತ್ತಿದರು. ಕತ್ತಲಾಗುತ್ತಾ ಬಂತು. ಲ್ಯಾಮಿನೇಷನ್ ಮಾಡುತ್ತಿದ್ದ ನನ್ನ ಹೆಂಡತಿಗೆ ತಾಳ್ಮೆ ತಪ್ಪಿತು. ತಲೆ ಎತ್ತದೆ ಕೇಳಿದಳು:

"ನಿಮ್ಮನೆಯವ್ರು ತವರಿಗೆ ಹೋಗಿ ಒಂದು ವಾರ ಇದ್ದು ಬಂದಾಗ ಏನಾಗುತ್ತೆ ವಕೀಲ್ರೇ? ಜಾಸ್ತಿ ಹತ್ರ ಆಗ್ತೀರೋ ಇಲ್ವೋ?"

ವಕೀಲರು ಒಂದು ಕ್ಷಣ ಯೋಚಿಸಿದರು. ಬಳೆಯನ್ನು ಡಬ್ಬಿಗೆ ಹಾಕಿ ಡಬ್ಬಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು, "ಒಪ್ಕೊಂಡೆ. ಆದ್ರೆ ಈ ಸಾಕ್ಷಿನ ನಮ್ಮನೇಲಿ ಹೇಳ್ಬೇಡಿ" ಅಂದು ಹೊರಟರು.

೫. ಅಲುಗದ ಸ್ಟ್ಯಾಂಡು

ಭದ್ರಾವತಿಯಲ್ಲಿ ನಮ್ಮ ಬೀದಿಯಲ್ಲೇ ಒಬ್ಬ ಹಿರಿಯರಿದ್ದಾರೆ. ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದು ನಿವೃತ್ತಿಯಾದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಿವೃತ್ತಿಯ ಮೇಲೆ ಹಿತ್ತಿಲಿನ ಇರುವೆಗಳ ಫೋಟೋ ತೆಗೆಯುವ ಹುಚ್ಚು ಹತ್ತಿತು. ನನ್ನಿಂದಲೇ ಲೆನ್ಸು ಒಯ್ದರು. ಸ್ಟ್ಯಾಂಡೂ ಬೇಕಾಗುತ್ತದೆ ಅಂತ ನಾನು ಹೇಳಿದೆ.

"ಇರುವೆ ಅಂದ್ರೆ ಅಷ್ಟು ಸಣ್ಣದು ಅಣ್ಣಾ. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದ್ರೂ ಚಿತ್ರ ಹಾಳು."

ಈ ಮಾತು ಅವರ ಮನಸ್ಸಿಗೆ ನಾಟಿತು. ಬೇಕಾದ್ದಕ್ಕಿಂತ ಜಾಸ್ತಿಯೇ ನಾಟಿತು ಅಂತ ಆಮೇಲೆ ಗೊತ್ತಾಯಿತು. ನನ್ನ ಹತ್ತಿರ ಇದ್ದದ್ದರಲ್ಲೇ ಉತ್ತಮವಾದ, ಹಗುರವಾದ ಸ್ಟ್ಯಾಂಡು ತೋರಿಸಿದೆ. ಅವರು ಅದನ್ನು ಕಿರುಬೆರಳಿನಲ್ಲಿ ಎತ್ತಿ ನಕ್ಕರು.

"ಇದು ಸ್ಟ್ಯಾಂಡಾ ತಂಬಿ? ಗಾಳಿ ಬಂದ್ರೆ ಕ್ಯಾಮೆರಾನ ಹಿಡ್ಕೊಳ್ಳೋದು ಇರ್ಲಿ, ಇದನ್ನ ಹಿಡ್ಕೊಳ್ಳೋಕೆ ಒಬ್ಬ ಬೇಕು. ಬಿಡು, ನಾನೇ ಮಾಡ್ಕೋತೀನಿ."

ಮಾಡಿಕೊಂಡರು. ಕಬ್ಬಿಣದ ಆಂಗಲ್ಲು, ಮೇಲೆ ದಪ್ಪ ತಗಡು, ಸುತ್ತ ವೆಲ್ಡಿಂಗು, ಕೆಂಪು ಪ್ರೈಮರು. ಮೂರು ಕಾಲನ್ನು ನಂಬುವ ಹಾಗಿಲ್ಲ ಅಂತ ನಾಲ್ಕು ಕಾಲು. ಬೀದಿಯ ಗಂಡಸರೆಲ್ಲ ಸೇರಿ ಅದನ್ನು ಹಿತ್ತಿಲಿನ ನುಗ್ಗೆ ಮರದ ಬುಡಕ್ಕೆ ಸಾಗಿಸಿದೆವು. ಆನೆ ಬಂದು ಬೆನ್ನು ಉಜ್ಜಿದರೂ ಅಲುಗುವುದಿಲ್ಲ. ಆದರೆ ಅದನ್ನು ಇಳಿಸಿದ ಸದ್ದಿಗೆ ಇರುವೆಗಳು ಮಾತ್ರ ಅಲ್ಲಿಂದ ಕಾಲ್ಕಿತ್ತವು.

"ಈಗ ಸ್ಟ್ಯಾಂಡನ್ನ ಅವು ಇರೋ ಕಡೆ ಸರಿಸಬೇಕಲ್ಲ ಅಣ್ಣಾ?"

"ಸರಿಸೋದಾ? ಅವೇ ಬರ್ತವೆ. ನಾನು ಕಾಯ್ತೀನಿ."

ಕಾದರು. ಮಳೆ ಬಂದು ನಿಂತ ಒಂದು ಭಾನುವಾರ ಫೋನು ಬಂತು: "ತಂಬಿ, ಓಡಿ ಬಾ, ಇರುವೆ ಬಂದಿದೆ!" ನಾನು ಬನಿಯನ್ನಿನಲ್ಲೇ ಓಡಿದೆ. ನಿಜ, ಇರುವೆ ಬಂದಿದ್ದವು. ಬಾಯಲ್ಲಿ ಬಿಳಿ ಮೊಟ್ಟೆ ಕಚ್ಚಿಕೊಂಡು, ಸಾಲು ತಪ್ಪದೆ, ಕೆಂಪು ಪ್ರೈಮರಿನ ಮೇಲೆ ಸಾಗುತ್ತಿದ್ದವು. ನೋಡಲು ಎರಡು ಕಣ್ಣು ಸಾಲದು. ಅಂಥ ಚಿತ್ರ ಜನ್ಮಕ್ಕೊಮ್ಮೆ ಸಿಗುವುದು. ಒಂದೇ ತೊಂದರೆ, ಅವು ಹತ್ತುತ್ತಿದ್ದದ್ದು ಸ್ಟ್ಯಾಂಡಿನ ಕಾಲನ್ನು. ಕ್ಯಾಮೆರಾ ಮೇಲೆ ಕೂತು ನುಗ್ಗೆ ಮರ ನೋಡುತ್ತಿತ್ತು.

"ಅಣ್ಣಾ, ಬೇಗ! ಕ್ಯಾಮೆರಾ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ತೆಗೀರಿ!"

"ಕೈಯಲ್ಲಾ? ಕೂದಲೆಳೆ ಅಲುಗಬಾರ್ದು ಅಂದಿದ್ದು ನೀನೇ ತಾನೇ?" ಅಂತ ನನ್ನನ್ನೇ ಗದರಿಸಿ, ಶಾಂತವಾಗಿ ಅಳತೆ ಟೇಪು ತೆಗೆದರು. "ನಾಳೆ ಬಾ. ಇದರ ಫೋಟೋ ತೆಗೆಯೋಕೆ ಇನ್ನೊಂದು ಸ್ಟ್ಯಾಂಡ್ ಮಾಡ್ತೀನಿ."

೬. ಬಾಯಿ

ದೀಪಾವಳಿ ಹತ್ತಿರ ಬಂತು. ಒಣಗಿದ ಲೆನ್ಸು, ಖಾಲಿ ಬಳೆ ಎಲ್ಲ ಸೇರಿಯೂ ಬೀರು ತನ್ನ ಅನ್ನ ತಾನು ದುಡಿದಿದೆ ಅಂತ ಧೈರ್ಯವಾಗಿ ಹೇಳುವ ಹಾಗಿರಲಿಲ್ಲ. ಹೆಂಡತಿ ಆಗಲೇ ಬೀರುವಿನ ಉದ್ದಗಲವನ್ನು ಗೇಣಿನಲ್ಲಿ ಅಳೆಯುತ್ತಿದ್ದಳು. ನನಗೆ ಉಳಿದಿದ್ದ ಆಸೆ ಒಂದೇ, ಒಬ್ಬ ಹಲ್ಲಿನ ಡಾಕ್ಟರಮ್ಮ. ಕ್ಲಿನಿಕ್ಕಿಗೆ ಬಂದವರ ಹಲ್ಲಿನ ಫೋಟೋ ತೆಗೆದಿಡಲು ಅವರಿಗೆ ಕ್ಯಾಮೆರಾ, ಮ್ಯಾಕ್ರೋ ಲೆನ್ಸು, ಸುತ್ತುದೀಪ ಎಲ್ಲವೂ ಬೇಕಿತ್ತು. ಅವರು ಕೊಂಡರೆ ಅವರ ಸ್ನೇಹಿತ ಡಾಕ್ಟರುಗಳೂ ಕೊಳ್ಳುವವರಿದ್ದರು. ಆದರೆ ಬಂದಾಗಲೆಲ್ಲ, "ಫೋನೇ ಸಾಕಲ್ವಾ?" ಅಂತ ಕೇಳಿ, ಯೋಚನೆ ಮಾಡಿ ಹೇಳುತ್ತೇನೆ ಅಂತ ಹೋಗಿಬಿಡುತ್ತಿದ್ದರು.

ಹಬ್ಬಕ್ಕೆ ಮುಂಚಿನ ಒಂದು ಬೆಳಿಗ್ಗೆ ಮತ್ತೆ ಬಂದರು. ನಾನು ಆಗಷ್ಟೇ ಸ್ಕೂಟರಿನಲ್ಲಿ ಬಂದು ಬಾಗಿಲು ತೆಗೆದಿದ್ದೆ. ಹೆಂಡತಿ ಬಸ್ಸಿನಲ್ಲಿ ಬಂದಿಳಿದಿದ್ದಳು.

"ಡಾಕ್ಟ್ರೇ, ಮಾತು ಬೇಡ" ಅಂದೆ ನಾನು. "ಒಂದೇ ಬಾಯಿ. ಮೊದಲು ನಿಮ್ಮ ಫೋನಿನಲ್ಲಿ ತೆಗೀರಿ, ಆಮೇಲೆ ನನ್ನ ಲೆನ್ಸಿನಲ್ಲಿ. ಎರಡನ್ನೂ ಗೋಡೆ ಮೇಲಿರೋ ಆ ಟಿವಿಗೆ ಹಾಕಿ ನೋಡೋಣ. ಫೋನು ಗೆದ್ರೆ ನಾನು ಈ ಬೀರುನೇ ಎತ್ತಿಬಿಡ್ತೀನಿ."

ಹೆಂಡತಿಯ ಕಿವಿ ನೆಟ್ಟಗಾಯಿತು. "ಯಾರ ಬಾಯಿ?" ಅಂದರು ಡಾಕ್ಟರಮ್ಮ.

"ನಂದೇ!"

ಅವರು ಚೀಲದಿಂದ ತುಟಿ ಹಿಗ್ಗಿಸುವ ಪ್ಲಾಸ್ಟಿಕ್ ಕೊಕ್ಕೆ ತೆಗೆದು ನನ್ನ ಬಾಯಿಗೆ ಸಿಕ್ಕಿಸಿದರು. ಬಾಯಿ ಕಿವಿಯಿಂದ ಕಿವಿಯವರೆಗೆ ತೆರೆದುಕೊಂಡಿತು. ಮಾತು ನಿಂತಿತು. "ಅಡಿಕೆ ಅಭ್ಯಾಸ ಇದೆಯಾ?" ಅಂತ ರೂಢಿಯ ಪ್ರಕಾರ ಕೇಳಿದರು. ಉತ್ತರ ಕೊಟ್ಟವಳು ನನ್ನ ಹೆಂಡತಿ.

"ಬಿಟ್ಟಿದಾರೆ ಡಾಕ್ಟ್ರೇ. ಯುಗಾದಿಗೆ ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದಾರೆ. ಅಲ್ಲಿಂದ ಒಂದು ಚೂರೂ ಮುಟ್ಟಿಲ್ಲ."

ಆಗ ನನಗೆ ನೆನಪಾಯಿತು. ಬೆಳಿಗ್ಗೆ ಸ್ಕೂಟರಿನಲ್ಲಿ ಮಲವಗೊಪ್ಪ ದಾಟುವಾಗ ಬಾಯಿಗೆ ಹಾಕಿಕೊಂಡ ಅಡಿಕೆ ಹೋಳಿನ ಒಂದು ಚೂರು ದವಡೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು, ಎಷ್ಟು ನಾಲಿಗೆ ಹಾಕಿದರೂ ಬಂದಿರಲಿಲ್ಲ.

ಡಾಕ್ಟರಮ್ಮ ಫೋನಿನಲ್ಲಿ ತೆಗೆದು ಟಿವಿಗೆ ಹಾಕಿದರು. ಮುಂದಿನ ಹಲ್ಲು ಬೆಳ್ಳಗೆ, ಹಿಂದೆ ಬರೀ ಕತ್ತಲೆ. ಏನೂ ಕಾಣಲಿಲ್ಲ. "ತೀರಾ ಕೆಟ್ಟದಾಗೇನೂ ಬಂದಿಲ್ಲ" ಅಂದರು. "ಇಷ್ಟು ಕಂಡ್ರೆ ಸಾಕೇನೋ."

ನನ್ನ ಮುಂದೆ ಎರಡು ದಾರಿ ಇತ್ತು. ತಲೆಯಾಡಿಸಿ ಹೌದು ಅಂದರೆ ಮಾನ ಉಳಿಯುತ್ತದೆ, ಬೀರು ಹೋಗುತ್ತದೆ. ಬೇಡ ಅಂದರೆ ಬೀರು ಉಳಿಯುತ್ತದೆ. ಆ ಲೆನ್ಸನ್ನು ನಾನು ಬಲ್ಲೆ. ಕತ್ತಲೆಯಲ್ಲಿ ಕೂತ ಸೊಳ್ಳೆಯ ಕಾಲನ್ನೂ ಬಿಡದ ಲೆನ್ಸು ಅದು, ನನ್ನನ್ನು ಬಿಡುವುದಿಲ್ಲ ಅಂತ ಚೆನ್ನಾಗಿ ಗೊತ್ತಿತ್ತು. ನನ್ನ ಕೈ ತಾನಾಗಿಯೇ ಎದ್ದು ಮೇಜಿನ ಮೇಲಿದ್ದ ಲೆನ್ಸಿನ ಕಡೆ ತೋರಿಸಿತು. ಮಾರುವವನ ಹುಟ್ಟುಗುಣ, ಏನು ಮಾಡುವುದು?

"ಆ... ಆ..." ಅಂದೆ.

"ಸುಮ್ನೆ ಬಾಯಿ ಅಗಲ ಮಾಡ್ರಿ" ಅಂದಳು ಹೆಂಡತಿ.

ಡಾಕ್ಟರಮ್ಮ ಲೆನ್ಸು ಹಾಕಿದ ಕ್ಯಾಮೆರಾ ಎತ್ತಿದರು, ಸುತ್ತುದೀಪ ಫಳಕ್ ಅಂತು. ಟಿವಿಯ ತುಂಬ ನನ್ನ ದವಡೆ ಬಂತು. ಒಂದೊಂದು ಹಲ್ಲೂ ಬಾಗಿಲಿನಷ್ಟು. ಎರಡು ಬಾಗಿಲುಗಳ ಸಂದಿಯಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣದ ಒಂದು ಚೂರು, ಅದರ ಮೈಮೇಲಿನ ಬಿಳಿ ಗೆರೆಗಳ ಸಮೇತ, ನೆಂಟರ ಮನೆಗೆ ಬಂದ ಹಾಗೆ ಆರಾಮಾಗಿ ಕೂತಿತ್ತು. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ನೋಡತೊಡಗಿದರು.

"ಅಬ್ಬಾ, ಎಷ್ಟು ಕ್ಲಿಯರ್ ಆಗಿದೆ!" ಅಂದರು ಡಾಕ್ಟರಮ್ಮ. "ಇದೇನು ಇಲ್ಲಿ, ಹುಳುಕಾ?"

ನನ್ನ ಹೆಂಡತಿ ಅಡಿಕೆ ಬೆಳೆಯುವವರ ಮನೆಯ ಮಗಳು. ಎದ್ದು ಟಿವಿಯ ಹತ್ತಿರ ಹೋದಳು. ಕನ್ನಡಕ ಹಾಕಿಕೊಂಡಳು. ಸ್ವಲ್ಪ ಹೊತ್ತು ನೋಡಿದಳು.

"ಹುಳುಕಲ್ಲ ಡಾಕ್ಟ್ರೇ. ಬೆಟ್ಟೆ ಅಡಿಕೆ. ಅಂಗಡೀದೂ ಅಲ್ಲ. ಈ ಬಣ್ಣ ಬರೋದು ನಮ್ಮಪ್ಪ ಅಡಿಕೆ ಬೇಯಿಸಿ ಹಾಕೋ ಕೆಂಪು ಚೊಗರಿಗೆ ಮಾತ್ರ. ತಂಗಿ ಸೀಮಂತದ ತಾಂಬೂಲಕ್ಕೆ ಅಂತ ಡಬ್ಬೀಲಿ ಎತ್ತಿಟ್ಟಿದ್ದೆ."

ನಾನು ತಡವಾಗಿ ಆ ಚೂರಿನ ಮೇಲೆ ನಾಲಿಗೆ ಮುಚ್ಚಿದೆ. ಅವಳು ಡಾಕ್ಟರಮ್ಮನ ಕಡೆ ತಿರುಗಿದಳು.

"ಡಾಕ್ಟ್ರೇ, ಕಣ್ಣು ಮುಚ್ಕೊಂಡು ಇದನ್ನ ತಗೊಳ್ಳಿ. ಮದುವೆಯಾದಾಗಿಂದ ಈ ಮನುಷ್ಯನ ಬಾಯಿಂದ ನಿಜ ಹೊರಗೆ ತೆಗೆದಿರೋದು ಇದೊಂದೇ."

ಡಾಕ್ಟರಮ್ಮ ನಗು ತಡೆಯಲಾಗದೆ ಅಲ್ಲೇ ಕುರ್ಚಿ ಹಿಡಿದುಕೊಂಡು ಕೂತರು, ಆಮೇಲೆ ಎಲ್ಲವನ್ನೂ ಪ್ಯಾಕ್ ಮಾಡಲು ಹೇಳಿದರು. ನಾನು ಗೆದ್ದಿದ್ದೆ. ಕೊಕ್ಕೆ ಹಾಕಿದ ಬಾಯಲ್ಲೇ, ಮೊಬೈಲ್ ಕವರಿನ ಗತಿ ಏನು ಅಂತ ಕೈಸನ್ನೆಯಲ್ಲಿ ಹೆಂಡತಿಯನ್ನು ಕೇಳಿದೆ.

"ಕವರ್ ಬೇಡ, ಬೀರು ಅಲ್ಲೇ ಇರ್ಲಿ" ಅಂದಳು. "ಆದ್ರೆ ಇಂಥದ್ದೇ ಇನ್ನೊಂದು ಲೆನ್ಸ್ ಇದ್ರೆ ಮಾರ್ಬೇಡಿ. ಮನೆಗೆ ಬೇಕು."